ಅಪ್ಪಂದು 62, ನಂದು 84

ಬೆಳಗ್ಗೆ ಎಚ್ಚರ ಆದ ಕೂಡಲೇ, ಕಾಫಿಗೂ ಮೊದಲು, ಮಲಗಿದಲ್ಲೇ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿ ಎಣಿಸಿದೆ. ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ಅರ್ಧ ಸುತ್ತು ಬರೋದ್ರೊಳಗೆ 42. ಅಂದ್ರೆ ನಿಮಿಷಕ್ಕೆ 84. ದೊಡ್ಡವರಿಗೆ 60ರಿಂದ 100 ನಾರ್ಮಲ್ ಅಂತಾರಲ್ಲ, ಸದ್ಯ ಪಾಸು.

ಆಮೇಲೆ ಜಗಲಿಯಲ್ಲಿ ಪೇಪರ್ ಓದ್ತಾ ಕೂತಿದ್ದ ಅಪ್ಪನ ಕೈ ಹಿಡಿದೆ. 62! ಎಪ್ಪತ್ತು ದಾಟಿದೆ, ತೋಟ ಸುತ್ತೋದು ಬಿಟ್ರೆ ಬೇರೆ ವ್ಯಾಯಾಮ ಕಂಡವರಲ್ಲ. (ಕೆಲವು ಬಿಪಿ ಮಾತ್ರೆ ನಾಡಿ ಇಳಿಸುತ್ತೆ, ನಿಜ. ಇವರು ಅದೂ ನುಂಗಲ್ಲ.)

ಹೃದಯವನ್ನ ಅದರ ಪಾಡಿಗೆ ಬಿಟ್ರೆ ನಿಮಿಷಕ್ಕೆ ನೂರರ ಆಸುಪಾಸು ಬಡಿಯುತ್ತೆ. ಮೆದುಳಿನಿಂದ ಇಳಿದು ಬರೋ ವೇಗಸ್ ನರ ಲಗಾಮು ಹಿಡಿದು ಅದನ್ನ ನಿಧಾನ ಮಾಡಿಸೋದು. ನಡೆದು ಪಳಗಿದ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳುತ್ತೆ, ಅದಕ್ಕೆ ಅವಸರ ಕಮ್ಮಿ. ಹೊಟ್ಟೆಯ ಬೊಜ್ಜು, ಸಕ್ಕರೆ ಕಾಯಿಲೆ ಇರೋ ಕಡೆ ನಾಡಿ ಸ್ವಲ್ಪ ಏರಿರೋದು ಹೆಚ್ಚು. ನಿದ್ದೆಗೆಟ್ಟರೂ, ಜ್ವರ ಬಂದರೂ ಏರುತ್ತೆ, ಹಾಗಾಗಿ ಒಂದು ದಿನದ ಲೆಕ್ಕ ಹಿಡಿದು ಗಾಬರಿಯಾಗೋ ಹಾಗಿಲ್ಲ. ರಾತ್ರಿ ಎರಡರವರೆಗೆ ಮೊಬೈಲ್ ಹಿಡಿದಿದ್ದೆ ಅನ್ನೋದನ್ನ ಮಾತ್ರ ಅಪ್ಪನಿಗೆ ಹೇಳಲಿಲ್ಲ.

"ಎಣಿಸಿ ಆಯ್ತೇನೋ? ಒಲೆ ಮೇಲೆ ಹಾಲಿಟ್ಟಿದೀನಿ, ಹೋಗಿ ನೋಡು" ಅಂದ್ರು.

ಓಡಿದೆ. ವಾಪಸ್ ಬಂದು ಎಣಿಸೋಕೆ ಧೈರ್ಯ ಬರಲಿಲ್ಲ.