ಚಿರತೆ ಯಾವ ಪಕ್ಷದಲ್ಲಿತ್ತು?

ಅಪ್ಪನಿಗೆ ಕಣ್ಣಿನ ಪೊರೆ ತೆಗೆಸಿದ ವಾರ, ಪೇಪರ್ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವರಿಗೆ ವಿವರ ಬೇಡ, ತಲೆಬರಹ ಸಾಕು. ಉಳಿದದ್ದನ್ನು ಅವರೇ ಊಹಿಸಿಕೊಳ್ಳುತ್ತಾರೆ. ನನಗೋ ನಿದ್ದೆಗಣ್ಣು, ಕನ್ನಡಕ ಎಲ್ಲಿಟ್ಟಿದ್ದೆನೋ ನೆನಪಿಲ್ಲ.

ಮೊದಲ ದಿನವೇ 'ಉದ್ಯಮಿ ಮನೆಯಲ್ಲಿ ರಾಶಿ ರಾಶಿ ಹಣ ಪತ್ತೆ' ಎಂಬಲ್ಲಿ ಇಲ್ಲದ ಎತ್ವ ಸೇರಿಸಿ ಹಣವನ್ನು ಹೆಣ ಮಾಡಿದೆ. ಅಪ್ಪ "ಅಯ್ಯೋ ದೇವರೇ" ಅಂತ ಎದ್ದು ಕೂತರು. ಮರುದಿನ 'ಕಳ್ಳನಿಗೆ ಸೆರೆ' ಅನ್ನುವುದು ಸೀರೆಯಾಯಿತು. ಅದನ್ನು ಅವರು ನಂಬಲಿಲ್ಲ.

ಮೂರನೇ ದಿನದ್ದು ಮಾತ್ರ ಅಕ್ಷರದ ತಪ್ಪಲ್ಲ. ಗಟ್ಟಿಯಾಗಿ ಓದಿದೆ: "ಬೋನಿಗೆ ಬಿದ್ದ ಮಾಜಿ ಸಚಿವ. ಚಿರತೆ ಪಕ್ಷಕ್ಕೆ ವಾಪಸ್."

ಅಪ್ಪನಿಗೆ ಮೊದಲ ಸಾಲು ಆಶ್ಚರ್ಯ ತರಲೇ ಇಲ್ಲ. "ನಾನು ಆವತ್ತೇ ಹೇಳಿರಲಿಲ್ವಾ, ಇವನು ಒಂದಿನ ಸಿಕ್ಕಿ ಬೀಳ್ತಾನೆ ಅಂತ!" ಲಂಚದ ಕೇಸು ಎಂದು ತೀರ್ಮಾನವೂ ಆಗಿಹೋಯಿತು. ಆಮೇಲೆ ತುಸು ಯೋಚಿಸಿ ಕೇಳಿದರು: "ಅಲ್ಲಾ, ಈ ಚಿರತೆ ಯಾವ ಪಕ್ಷದಲ್ಲಿತ್ತು?"

ಕನ್ನಡಕ ಹುಡುಕಿ ತಂದು ನೋಡಿದೆ. ಅಕ್ಕಪಕ್ಕದ ಎರಡು ಕಾಲಂ, ಒಂದೇ ಗಾತ್ರದ ಅಕ್ಷರ. ಎಡಕ್ಕೆ 'ಬೋನಿಗೆ ಬಿದ್ದ / ಚಿರತೆ', ಬಲಕ್ಕೆ 'ಮಾಜಿ ಸಚಿವ / ಪಕ್ಷಕ್ಕೆ ವಾಪಸ್'. ನಾನು ಗೆರೆ ದಾಟಿ ಅಡ್ಡಡ್ಡ ಓದಿದ್ದೆ. ಹೀಗೆ ತಲೆಬರಹಗಳನ್ನು ಸಾಲಾಗಿ ನಿಲ್ಲಿಸುವುದನ್ನು ಪುಟ ಕಟ್ಟುವವರು ಟೂಮ್‌ಸ್ಟೋನಿಂಗ್ ಅನ್ನುತ್ತಾರೆ, ಸಮಾಧಿಕಲ್ಲುಗಳು ನಿಂತ ಹಾಗೆ.

ತಪ್ಪೆಲ್ಲ ನನ್ನದೇ ಎಂದು ಒಪ್ಪಲಾರೆ. ಮಾತಿನಲ್ಲಾದರೆ ಕ್ರಿಯಾಪದ ನಮ್ಮನ್ನು ಕಾಯುತ್ತದೆ. ತಲೆಬರಹದಲ್ಲಿ ಜಾಗ ಸಾಲದಿದ್ದರೆ ಮೊದಲು ಹಾರಿಹೋಗುವುದು ಅದೇ. 'ವಾಪಸಾದರು' ಅಂತಿದ್ದಿದ್ದರೆ ಚಿರತೆಗೆ ಪಕ್ಷ ಸಿಗುತ್ತಿರಲಿಲ್ಲ. ಇಂಗ್ಲಿಷ್‌ನಲ್ಲಿ ದಾರಿ ತಪ್ಪಿಸುವ ತಲೆಬರಹಕ್ಕೆ 2009ರಿಂದ 'ಕ್ರ್ಯಾಶ್ ಬ್ಲಾಸಮ್' ಎಂಬ ಹೆಸರೇ ಇದೆ. 1985ರ ಜಪಾನ್ ವಿಮಾನ ದುರಂತದಲ್ಲಿ ತಂದೆಯನ್ನು ಕಳೆದುಕೊಂಡ ವಯೋಲಿನ್ ವಾದಕಿಯ ಕಲೆ ಅರಳುತ್ತಿದೆ ಎಂಬುದು ಆ ಹೆಸರಿಗೆ ಕಾರಣವಾದ ಸುದ್ದಿ. ತಲೆಬರಹದ ಕೊನೆಯಲ್ಲಿ 'ಕ್ರ್ಯಾಶ್', 'ಬ್ಲಾಸಮ್ಸ್' ಒತ್ತಟ್ಟಿಗೆ ಬಂದು, ಇದ್ಯಾವ ಹೂವಪ್ಪಾ ಎಂದು ಓದುಗರು ತಲೆ ಕೆರೆದುಕೊಂಡರು. ಅಲ್ಲಿ ಹೂವು, ನಮ್ಮಲ್ಲಿ ಚಿರತೆ.

ಇದನ್ನೆಲ್ಲ ವಿವರಿಸೋಣವೆಂದು ಒಳಗೆ ಹೋದರೆ ಅಪ್ಪ ಆಗಲೇ ಗೆಳೆಯನಿಗೆ ಫೋನ್ ಹಚ್ಚಿ ಸುದ್ದಿ ಮುಟ್ಟಿಸಿ ಆಗಿತ್ತು. "ಅಪ್ಪಾ, ಅದು ನಾನು ತಪ್ಪು ಓದಿದ್ದು" ಅಂದೆ.

"ಸುಮ್ಮನಿರೋ," ಅಂದರು, ಫೋನ್ ಕೆಳಗಿಟ್ಟು. "ಸಚಿವ ಬೋನಿಗೆ ಬಿದ್ದದ್ದನ್ನು ಅವನು ನಿನ್ನೆ ರಾತ್ರಿಯೇ ಟಿವಿಯಲ್ಲಿ ನೋಡಿದನಂತೆ."