ಕೆಸರಿನ ಗೆರೆ

ಧಾರವಾಡ, 14 ಆಗಸ್ಟ್ 2019, ಬುಧವಾರ, ರಾತ್ರಿ

ಬೆಳಿಗ್ಗೆ ಆರಕ್ಕೆ ಹುಬ್ಬಳ್ಳಿ ಬಿಟ್ಟು, ನವಲಗುಂದ ದಾಟಿ, ನರಗುಂದ ತಾಲ್ಲೂಕಿನ ಹೊಳೆದಂಡೆಯ ಆ ಊರು ಸೇರುವಷ್ಟರಲ್ಲಿ ಒಂಬತ್ತೂವರೆಯಾಗಿತ್ತು. ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರು ಇಳಿದು, ಮಲಪ್ರಭೆ ತನ್ನ ಪಾತ್ರದೊಳಗೆ ಮರಳುತ್ತಿದೆ. ಜನ ಪರಿಹಾರ ಕೇಂದ್ರದಿಂದ ಒಬ್ಬೊಬ್ಬರಾಗಿ ಬಂದು ಮನೆಯೊಳಗಿನ ಕೆಸರು ಎತ್ತುತ್ತಿದ್ದರು. ಪಂಚಮಿಗೆ ಕಟ್ಟಿದ ಉಂಡಿಯ ಡಬ್ಬಿಯೊಂದು ಜಗುಲಿಯ ಮೇಲೆ ಮಣ್ಣು ಮೆತ್ತಿಕೊಂಡು ಕುಳಿತಿತ್ತು. ಇಂಥ ಊರಿಗೆ ಟೇಪು, ಎತ್ತರ ಅಳೆಯುವ ಪಟ್ಟಿಕೋಲು, ಕ್ಯಾಮೆರಾ ಹಿಡಿದು ಇಳಿಯುವಾಗ ಮುಖ ಎತ್ತುವುದು ಕಷ್ಟ. ಪಂಚಾಯಿತಿಯವರಿಗೆ ಮೊದಲೇ ಹೇಳಿ, ಜನರನ್ನು ಸಾಗಿಸುವ ಕೆಲಸ ಮುಗಿದ ಮೇಲೆಯೇ ಬಂದಿದ್ದೆವು. ಆದರೂ ಸಂಕೋಚ ಪೂರ್ತಿ ಹೋಗಲಿಲ್ಲ.

ನಾನು, ಇಬ್ಬರು ಎಂ.ಟೆಕ್. ವಿದ್ಯಾರ್ಥಿಗಳು ಮತ್ತು ಜೀಪಿನ ಚಾಲಕ, ಇಷ್ಟೇ ನಮ್ಮ ತಂಡ. ನೋಡಬೇಕಾಗಿದ್ದದ್ದು ಊರ ಹೊರಗಿನ ಹಳ್ಳದ ಸಿ.ಡಿ.ಯನ್ನು, ಅಂದರೆ ರಸ್ತೆಯ ಕೆಳಗೆ ಹಳ್ಳದ ನೀರು ಹಾಯಲು ಕಟ್ಟಿದ ಸಣ್ಣ ಸೇತುವೆಯನ್ನು. ಸೇತುವೆಯ ಕಲ್ಲುಕಟ್ಟಡ ನಿಂತಲ್ಲೇ ನಿಂತಿದ್ದು, ಅದಕ್ಕೆ ಹತ್ತುವ ರಸ್ತೆಯ ಏರಿ ಹದಿನೆಂಟು ಮೀಟರ್ ಉದ್ದಕ್ಕೆ ಕೊಚ್ಚಿಹೋಗಿದೆ. ನಾವು ಮುಟ್ಟುವ ಮೊದಲೇ ಜೆಸಿಬಿ ಬಂದು, ಟಿಪ್ಪರುಗಳು ಸುರಿದ ಗರಸನ್ನು ಆ ಕಿಂಡಿಯೊಳಗೆ ತಳ್ಳುತ್ತಿತ್ತು. ಊರಿಗೆ ರಸ್ತೆ ಬೇಕು, ಏರಿ ಯಾಕೆ ಹೋಯಿತೆಂದು ತಿಳಿಯಲು ನಮಗೆ ಮುಚ್ಚದ ಗುಂಡಿ ಬೇಕು. ಈ ತಕರಾರಿನಲ್ಲಿ ನ್ಯಾಯ ಊರಿನ ಕಡೆಗೇ ಇದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಮೇಸ್ತ್ರಿಯ ಹತ್ತಿರ ಕೈಮುಗಿದು ಕೇಳಿಕೊಂಡದ್ದಕ್ಕೆ, ಊಟದ ಬಿಡುವನ್ನು ಮುಂಚೆಯೇ ತೆಗೆದುಕೊಂಡು ನಲವತ್ತು ನಿಮಿಷ ಕೊಟ್ಟರು.

ಆ ನಲವತ್ತು ನಿಮಿಷದಲ್ಲಿ ಏರಿಯ ಕಡಿದ ಮುಖವನ್ನು ಗುದ್ದಲಿಯಿಂದ ಹೆರೆದು ಪದರ ಪದರವಾಗಿ ಬರೆದುಕೊಂಡೆವು. ಮೇಲೆ ಡಾಂಬರು, ಅದರ ಕೆಳಗೆ ಜಲ್ಲಿ, ಗರಸು, ಆಮೇಲೆ ತಳದವರೆಗೂ ಹೊಲದಿಂದಲೇ ಎತ್ತಿ ಹಾಕಿದ ಎರೆಮಣ್ಣು. ಬರದ ವರ್ಷಗಳಲ್ಲಿ ಎರೆ ಒಣಗಿ ಬಿಟ್ಟ ಬಿರುಕುಗಳು ಏರಿಯ ಹೊಟ್ಟೆಯವರೆಗೆ ಇಳಿದಿದ್ದವು, ಮತ್ತು ಅವುಗಳಲ್ಲಿ ಈಗಿನ ನೆರೆಯ ನುಣುಪು ಮಣ್ಣು ತುಂಬಿಕೊಂಡಿತ್ತು. ಒದ್ದೆಯಾದರೆ ಎರೆ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಇನ್ನು ನಾಲ್ಕು ದಿನ ಬಿಟ್ಟು ಬಂದಿದ್ದರೆ ಜೆಸಿಬಿ ಇಲ್ಲದಿದ್ದರೂ ಈ ಗುರುತು ನಮಗೆ ಕಾಣುತ್ತಿರಲಿಲ್ಲ. ಕೆಳಮಗ್ಗುಲಿನ ಕೊರೆತದ ಗುಂಡಿ 2.4 ಮೀಟರ್ ಆಳವಿತ್ತು. ಎರಡು ಕಡೆ ಕೋರ್ ಕಟರ್ ಎಂಬ ಉಕ್ಕಿನ ಕೊಳವೆ ಹೊಡೆದು, ಮಣ್ಣಿನ ಮಾದರಿಗಳನ್ನು ತೇವ ಆರದಂತೆ ಪಾಲಿಥೀನಿನಲ್ಲಿ ಸುತ್ತಿ, ಚೀಟಿ ಅಂಟಿಸುವಷ್ಟರಲ್ಲಿ ಯಂತ್ರ ಮತ್ತೆ ಶುರುವಾಯಿತು.

ಈ ಅವಸರ ನಮ್ಮೊಬ್ಬರದಲ್ಲ. 2011ರ ಫೆಬ್ರುವರಿ 22ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಭೂಕಂಪವಾದಾಗ ನೆಲ ದ್ರವದಂತಾಗಿ, ಒಳಗಿನ ಮರಳು ಮತ್ತು ಹೂಳು ಬೀದಿಬೀದಿಯಲ್ಲಿ ಉಕ್ಕಿ ನಿಂತಿತ್ತು. ವಿದ್ಯಾರ್ಥಿಗಳು ಸಾವಿರಾರು ಸಂಖ್ಯೆಯಲ್ಲಿ ಸಲಿಕೆ ಹಿಡಿದು ಬಂದು ಅದನ್ನು ಎತ್ತಿ ಹಾಕಿದರು. ಪುಣ್ಯದ ಕೆಲಸ, ಆದರೆ ಯಾವ ಮನೆಯ ಮುಂದೆ ಎಷ್ಟು ಉಕ್ಕಿತ್ತೆಂಬ ಲೆಕ್ಕವೂ ಆ ಸಲಿಕೆಯ ಜೊತೆಗೇ ಹೋಗುವಂಥದು. ಆದ್ದರಿಂದಲೇ ಅಮೆರಿಕದಲ್ಲಿ ‘ಗೀರ್’ ಎಂಬ ಹೆಸರಿನ ಭೂತಾಂತ್ರಿಕ, ಅಂದರೆ ನೆಲ-ಮಣ್ಣಿನ, ಎಂಜಿನಿಯರುಗಳ ಸಂಘವೊಂದು, ದೊಡ್ಡ ಅನಾಹುತವಾದ ಕೂಡಲೇ ತಂಡ ಕಳಿಸಿ, ಕಂಡದ್ದನ್ನು ಎಲ್ಲರಿಗೂ ಸಿಗುವ ವರದಿಯಾಗಿ ಪ್ರಕಟಿಸುತ್ತದೆ.

ಊಟ ಮುಗಿಸಿ ಎರಡನೆಯ ಸಿ.ಡಿ.ಗೆ ಹೋದೆವು. ಅದು ಅದೇ ಹಳ್ಳದ ಮೇಲೆ, ಹಳ್ಳ ಹೊಳೆಗೆ ಸೇರುವ ಜಾಗಕ್ಕೆ ಹತ್ತಿರದಲ್ಲಿದೆ. ನೀರು ರಸ್ತೆಯ ಮೇಲೆ ಹಾದರೂ ಏರಿಗೆ ಏನೂ ಆಗಿಲ್ಲ. ಏನೂ ಆಗದ್ದನ್ನು ಯಾಕೆ ಅಳೆಯಬೇಕೆಂದು ವಿದ್ಯಾರ್ಥಿಯೊಬ್ಬ ಕೇಳಿದ. ಕೇಳಬೇಕಾದ ಪ್ರಶ್ನೆಯೇ. ನೆಲ ದ್ರವವಾಗುವುದನ್ನು ಅಂದಾಜು ಮಾಡಲು ಸೀಡ್ ಮತ್ತು ಇದ್ರಿಸ್ ಎಂಬ ಎಂಜಿನಿಯರುಗಳು 1971ರಲ್ಲಿ ಕೊಟ್ಟ ವಿಧಾನವನ್ನು ನಾವು ತರಗತಿಯಲ್ಲಿ ಕಲಿಸುತ್ತೇವೆ. ಅದರಿಂದ ಬೆಳೆದ ನಕ್ಷೆಗಳಲ್ಲಿ ಒಂದು ಗೆರೆಯ ಒಂದು ಬದಿಗೆ ದ್ರವವಾದ ಜಾಗಗಳಿವೆ, ಇನ್ನೊಂದು ಬದಿಗೆ ಆಗದ ಜಾಗಗಳಿವೆ. ಆಗದ ಜಾಗಗಳ ಲೆಕ್ಕ ಯಾರೂ ಇಡದಿದ್ದರೆ ಆ ಗೆರೆ ಎಲ್ಲಿ ಬರಬೇಕೆಂಬುದೇ ತಿಳಿಯುತ್ತಿರಲಿಲ್ಲ. ನಿಂತದ್ದು ಯಾಕೆ ನಿಂತಿತೆಂದು ಕೇಳದಿದ್ದರೆ ಅಪಾಯವೂ ಉಂಟು: 2001ರ ಭುಜ್ ಭೂಕಂಪದಲ್ಲಿ ಕಚ್ಛ್‌ನ ಚಾಂಗ್, ಟಪ್ಪರ್ ಮೊದಲಾದ ಮಣ್ಣಿನ ಅಣೆಕಟ್ಟುಗಳ ಒಳಬದಿ ಜರಿದರೂ ಊರು ಮುಳುಗಲಿಲ್ಲ, ಯಾಕೆಂದರೆ ಬರಗಾಲದಿಂದ ಜಲಾಶಯಗಳಲ್ಲಿ ನೀರು ಕಡಿಮೆಯಿತ್ತು.

ಇಲ್ಲಿಯ ಹಿರಿಯರೊಬ್ಬರ ಬಳಿ ಉತ್ತರ ತಯಾರಿತ್ತು. “ಆ ಮ್ಯಾಗಿಂದು ಮೊನ್ನಿ ಮೊನ್ನಿ ಕಟ್ಟಿದ್ದರಿ ಸರ, ಅದಕ್ಕ ಹೋತು. ಇದು ಹಳೇ ಮಂದಿ ಕೆಲಸ.” ನನಗೂ ಹಾಗೆಯೇ ನಂಬುವ ಆಸೆಯಾಯಿತು, ಹೊಸ ಕೆಲಸಗಳನ್ನು ನಾನೂ ಸಾಕಷ್ಟು ನೋಡಿದ್ದೇನೆ. ಆದರೆ ಎರೆಮಣ್ಣು ಎರಡರಲ್ಲೂ ಇತ್ತು, ಬಿರುಕೂ ಎರಡರಲ್ಲೂ ಇತ್ತು. ಬೇರೆಯಾಗಿದ್ದದ್ದು ಕೆಸರಿನ ಗೆರೆ.

ನೆರೆ ಎಷ್ಟು ಏರಿತ್ತೆಂದು ತಿಳಿಯಲು ಪಂಪ್‌ಸೆಟ್ಟಿನ ಕೋಣೆ, ಗುಡಿ, ಮೈಲಿಗಲ್ಲು, ಇಂಥವುಗಳ ಮೇಲೆ ಉಳಿದ ಕೆಸರಿನ ಗೆರೆಯೇ ಗತಿ. ಜಾಲಿಕಂಟಿಗೆ ಸಿಕ್ಕಿಕೊಂಡ ಕಸವನ್ನು ಅಷ್ಟಾಗಿ ನೆಚ್ಚುವಂತಿಲ್ಲ, ರಭಸಕ್ಕೆ ಬಾಗಿದ ಟೊಂಗೆ ಆಮೇಲೆ ಎದ್ದು ನಿಲ್ಲುತ್ತದೆ. ಮಣ್ಣಿನ ಗೋಡೆಯಲ್ಲಿ ಇನ್ನೊಂದು ಮೋಸವಿದೆ: ಗೋಡೆ ನೀರನ್ನು ಹೀರಿಕೊಳ್ಳುವುದರಿಂದ ತೇವದ ಗೆರೆ ಕೆಸರಿನ ಗೆರೆಗಿಂತ ಮೇಲೆ ಹೋಗಿರುತ್ತದೆ. ವಿದ್ಯಾರ್ಥಿಗಳು ಮೊದಲ ಮೂರು ಓದುಗಳನ್ನು ತೇವಕ್ಕೆ ಹಿಡಿದಿದ್ದರು, ಅಳಿಸಿ ಮತ್ತೆ ತೆಗೆಸಿದೆ. ಆಟೋ ಲೆವೆಲ್ ಎಂಬ ಎತ್ತರ ಅಳೆಯುವ ಉಪಕರಣ ಇಟ್ಟು ರಸ್ತೆಯ ಎರಡೂ ಬದಿಯ ಗುರುತುಗಳನ್ನು ಕೂಡಿಸಿದಾಗ, ಕೊಚ್ಚಿಹೋದ ಕಡೆ ಮೇಲ್ಮಗ್ಗುಲಿನ ನೀರಿನ ಮಟ್ಟಕ್ಕೂ ಕೆಳಮಗ್ಗುಲಿನ ಮಟ್ಟಕ್ಕೂ 84 ಸೆಂಟಿಮೀಟರ್ ಅಂತರವಿತ್ತು. ಏರಿ ಉಳಿದುಕೊಂಡ ಕಡೆ ಕೇವಲ 9.

ಅಂದರೆ ಮೇಲಿನ ಏರಿಯ ಮೇಲೆ ಹಾದ ನೀರು ಕೆಳಮಗ್ಗುಲಿಗೆ ಅಬ್ಬಿಯಂತೆ ಬಿದ್ದು, ಬುಡದಿಂದ ಮಣ್ಣು ತಿನ್ನುತ್ತಾ ಹಿಂದಕ್ಕೆ ಬಂದಿದೆ. ಹೊಳೆಯ ಹತ್ತಿರದ ಸಿ.ಡಿ.ಗೆ ಮಲಪ್ರಭೆಯ ಹಿನ್ನೀರೇ ಕೆಳಗಡೆ ಆನಿಸಿ ನಿಂತಿದ್ದರಿಂದ ನೀರು ಬೀಳಲು ಎತ್ತರವೇ ಉಳಿದಿರಲಿಲ್ಲ. ಹಿರಿಯರಿಗೆ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಖರೆ ಐತಿ ನೋಡ್ರಿ, ಆ ರಾತ್ರಿ ಕೆಳಗಿನ ಬಾಜೂಕ ದಬದಬ ಸಪ್ಪಳ ಬರಾಕತ್ತಿತ್ತು” ಎಂದರು. ಆ ಮಾತನ್ನು ಅವರದೇ ಶಬ್ದಗಳಲ್ಲಿ ಪುಸ್ತಕದಲ್ಲಿ ಬರೆದುಕೊಂಡೆ. ಹೊಳೆಯಲ್ಲಿ ನೀರು ಇಳಿದಿದ್ದು ಹಳ್ಳ ಮಾತ್ರ ತುಂಬಿ ಬರುವ ವರ್ಷ ಈ ಹಳೆಯ ಸಿ.ಡಿ.ಯೂ ಹೋಗಬಹುದೆಂದು ಅವರಿಗೆ ಹೇಳಲು ನಾಲಿಗೆ ಏಳಲಿಲ್ಲ, ವರದಿಯಲ್ಲಿ ಬರೆಯುತ್ತೇನೆ.

ಊರೊಳಗೆ ಕಾಳು ತುಂಬಿಡುತ್ತಿದ್ದ ನೆಲದೊಳಗಿನ ಹಳೆಯ ಹಗೇವೊಂದು ನೆನೆದು, ಮನೆಯ ಮುಂದೆಯೇ ನೆಲ ಬಾಯಿ ಬಿಟ್ಟಿತ್ತು. ಮನೆಯವರು ಕಲ್ಲು ತುಂಬುವ ಮೊದಲು ಬಾಯಿಯ ಅಗಲ, ಆಳ ಅಷ್ಟನ್ನೇ ಅಳೆದು ದೂರ ಸರಿದೆವು.

ಹೊರಡುವಾಗ ಉಳಿದ ಸಿ.ಡಿ.ಯ ಪಕ್ಕದ ಹಳ್ಳದ ದಂಡೆಯಲ್ಲಿ ಉದ್ದನೆಯ ಬಿರುಕೊಂದು ಕಣ್ಣಿಗೆ ಬಿತ್ತು. ನೀರು ಬೇಗ ಇಳಿದರೂ ಮಣ್ಣಿನೊಳಗಿನ ನೀರು ಅಷ್ಟು ಬೇಗ ಇಳಿಯುವುದಿಲ್ಲ, ಆನಿಕೆ ತಪ್ಪಿದ ತೊಯ್ದ ದಂಡೆ ಜರಿಯುತ್ತದೆ. ಬಿರುಕಿನ ಎರಡೂ ಬದಿಗೆ ಗೂಟ ಹೊಡೆದು, ದನ ಕಟ್ಟದಂತೆ ಪಕ್ಕದ ಹೊಲದವರಿಗೆ ಹೇಳಿ ಬಂದಿದ್ದೇವೆ. ನಾಳೆ ಧ್ವಜಾರೋಹಣ, ನೂಲಹುಣ್ಣಿಮೆಯೂ ಇದೆ. ಶುಕ್ರವಾರ ಮತ್ತೆ ಹೋಗಬೇಕು. ಸಂಜೆ 5.10ಕ್ಕೆ ಗೂಟಗಳ ನಡುವಿನ ಅಂತರ 1.62 ಮೀಟರ್.