ತೊಡದೇವು ಸಿಹಿಯೋ, ಹಪ್ಪಳವೋ?

2024ರ ಜನವರಿ. ಅತ್ತೆ ಬೆಳಿಗ್ಗೆಯೇ ಫೋನ್ ಮಾಡಿದರು. "ತಮಾ, ಆಲೆಮನೆ ಶುರುವಾಯ್ದು, ಬಾ. ಬರಕ್ಕಾದ್ರೆ ಲ್ಯಾಪ್‌ಟಾಪೂ ತಗಂಡು ಬಾ." ಕಬ್ಬಿನ ಹಾಲು ಕುಡಿಯೋಕೆ ಲ್ಯಾಪ್‌ಟಾಪ್ ಯಾಕೆ ಅಂತ ಕೇಳುವಷ್ಟರಲ್ಲಿ ಫೋನ್ ಇಟ್ಟಾಗಿತ್ತು.

ನಾನು ಶಿರಸಿಯಲ್ಲಿ ತೆರಿಗೆ ಸಲಹೆಗಾರರೊಬ್ಬರ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಅತ್ತೆಯ ಮನೆ ಊರಿಂದ ಅರ್ಧ ಗಂಟೆ ದಾರಿ. ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ತೊಡದೇವು ಮಾಡಿ ಮಾರುತ್ತಾರೆ. ತೊಡದೇವು ಅಂದರೆ ಅಕ್ಕಿಹಿಟ್ಟು ಕದಡಿದ ಕಬ್ಬಿನ ಹಾಲನ್ನು ಬಿಸಿ ಮಡಿಕೆಯ ಬೆನ್ನಿಗೆ ಸವರಿ ಮಾಡುವ ತೆಳ್ಳನೆಯ ಗರಿಗರಿ ತಿಂಡಿ. ವರ್ಷಕ್ಕೆ 40 ಲಕ್ಷ ದಾಟಿದರೆ ಮಾತ್ರ ಜಿಎಸ್‌ಟಿ ರಿಜಿಸ್ಟ್ರೇಷನ್ ಬೇಕು, ಅತ್ತೆಯ ವ್ಯಾಪಾರ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಹಾಗಾಗಿ ಜಿಎಸ್‌ಟಿ ಗೊಡವೆ ಇರಲಿಲ್ಲ. ಈಗ ಗೋವಾದ ಮಡಗಾಂವಿನ ಅಂಗಡಿಯವರೊಬ್ಬರು ತೊಡದೇವು ತಿಂದು ಮರುಳಾಗಿ, ತಿಂಗಳು ತಿಂಗಳು ಕಳಿಸಿ ಅಂತ ಗಂಟುಬಿದ್ದಿದ್ದರು.

ನಮ್ಮ ಜಿಲ್ಲೆಯವರಿಗೆ ಗೋವಾ ಅಂದರೆ ಪಕ್ಕದ ಮನೆ ಇದ್ದ ಹಾಗೆ. ಕಾನೂನಿಗೆ ಹಾಗಲ್ಲ. ಕಾರವಾರ ದಾಟಿ ಗಡಿಯಾಚೆ ತೆರಿಗೆ ಇರುವ ಸಾಮಾನು ಮಾರಿದರೆ 40 ಲಕ್ಷದ ಲೆಕ್ಕ ನಡೆಯುವುದಿಲ್ಲ. ಮೊದಲ ರೂಪಾಯಿಯಿಂದಲೇ ರಿಜಿಸ್ಟ್ರೇಷನ್ ಬೇಕು. ಆಮೇಲೆ ಶಿರಸಿಯಲ್ಲೇ ಮಾರುವ ಉಪ್ಪಿನಕಾಯಿಗೂ ತೆರಿಗೆ ಹಾಕಬೇಕು. ಇಷ್ಟಕ್ಕೆ ಅತ್ತೆ ಹೆದರಲಿಲ್ಲ. "ಸರಿ, ಯಾವುದಕ್ಕೆ ಎಷ್ಟು ಹೇಳು" ಅಂದರು.

ಹಪ್ಪಳಕ್ಕೆ ಸೊನ್ನೆ. ಉಪ್ಪಿನಕಾಯಿಗೆ ಆಗ ಶೇಕಡಾ 12. ತೊಡದೇವಿಗೆ?

ಅಲ್ಲಿಗೆ ನನ್ನ ಬಾಯಿ ಕಟ್ಟಿತು. ಸಿಹಿ ತಿಂಡಿ ಅಂದರೆ ಶೇಕಡಾ 5. ಬಿಸ್ಕತ್ತು, ವೇಫರ್ ಜಾತಿಯ ಬೇಕರಿ ತಿಂಡಿ ಅಂದರೆ ಆಗ 18. ತೆಳ್ಳಗೆ ಗರಿಗರಿ ಇದೆ, ಹಪ್ಪಳ ಅನ್ನೋಣವೇ? ತೆರಿಗೆಯ ಪಟ್ಟಿಯಲ್ಲಿ ಹಪ್ಪಳದ ಮುಂದೆ 'ಯಾವ ಹೆಸರಿನಿಂದ ಕರೆದರೂ' ಅಂತ ಬೇರೆ ಇದೆ. 2021ರಲ್ಲಿ ದುಂಡು ಹಪ್ಪಳಕ್ಕೆ ತೆರಿಗೆ ಇಲ್ಲ, ಚೌಕದ್ದಕ್ಕೆ ಇದೆ ಅಂತ ಸುದ್ದಿ ಹಬ್ಬಿ, ಆಕಾರಕ್ಕೂ ತೆರಿಗೆಗೂ ಸಂಬಂಧವಿಲ್ಲ ಅಂತ ಕೇಂದ್ರದ ಪರೋಕ್ಷ ತೆರಿಗೆ ಮಂಡಳಿಯೇ ಹೇಳಬೇಕಾಗಿ ಬಂದಿತ್ತು. ದುಂಡು, ಚೌಕ ಆಯಿತು. ನಮ್ಮದು ತ್ರಿಕೋನ.

ಇಂಥ ಗೊಂದಲಕ್ಕೇ ಕಾನೂನಿನಲ್ಲಿ ಒಂದು ದಾರಿ ಇದೆ. ಅಡ್ವಾನ್ಸ್ ರೂಲಿಂಗ್. ಮಾರುವುದಕ್ಕೆ ಮೊದಲೇ, ಇದಕ್ಕೆ ಎಷ್ಟು ತೆರಿಗೆ ಅಂತ ಅರ್ಜಿ ಹಾಕಿ ಲಿಖಿತ ಉತ್ತರ ಪಡೆಯಬಹುದು. ರಿಜಿಸ್ಟ್ರೇಷನ್ ಆಗಿರಲೇಬೇಕು ಅಂತಿಲ್ಲ, ಮಾಡಿಸುವ ಮನಸ್ಸಿದ್ದರೂ ಸಾಕು. ನಮ್ಮ ರಾಜ್ಯದ ಪ್ರಾಧಿಕಾರ ಇರುವುದು ಬೆಂಗಳೂರಿನ ಗಾಂಧಿನಗರದಲ್ಲಿ. ಕೇಂದ್ರ ತೆರಿಗೆಯ ಒಬ್ಬರು, ರಾಜ್ಯ ತೆರಿಗೆಯ ಒಬ್ಬರು ಕೂತು ಕೇಳುತ್ತಾರೆ. 90 ದಿನದೊಳಗೆ ಉತ್ತರ ಕೊಡಬೇಕು. ಫೀಸು ಕೇಂದ್ರದ್ದು 5,000, ರಾಜ್ಯದ್ದು 5,000. ಇನ್‌ಕಂ ಟ್ಯಾಕ್ಸಿನಲ್ಲಿ ಈ ಪದ್ಧತಿ 1993ರಿಂದ ಇದೆ. ಅಲ್ಲಿ ಅದು ಶುರುವಾದದ್ದು ಇಲ್ಲಿ ಬಂಡವಾಳ ಹಾಕುವ ಹೊರದೇಶದವರಿಗಾಗಿ. ಅತ್ತೆಯ ಮಡಿಕೆಗೂ ಅದೇ ಮರ್ಯಾದೆ ಸಿಗುತ್ತದಲ್ಲ ಅಂತ ನನಗೆ ಸ್ವಲ್ಪ ಹೆಮ್ಮೆಯೇ ಆಗಿತ್ತು.

ಅರ್ಜಿಯಲ್ಲಿ ಎರಡು ಸಂಗತಿ ಬರೆಯಬೇಕು. ವಸ್ತು ಏನು ಎಂಬುದು ಒಂದು. ನಮ್ಮ ಪ್ರಕಾರ ಉತ್ತರ ಏನು ಎಂಬುದು ಇನ್ನೊಂದು. ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಒಲೆ ಪಕ್ಕ ಕೂತೆ.

ಒಲೆ ಮೇಲೆ ಬೋರಲು ಹಾಕಿದ ಅಗಲ ಮಡಿಕೆ. ಅತ್ತೆ ಅದರ ಬೆನ್ನಿಗೆ ಎಣ್ಣೆ ಸವರಿದರು. ಪಾತ್ರೆಯಲ್ಲಿ ಕಬ್ಬಿನ ಹಾಲಿಗೆ ಅಕ್ಕಿಹಿಟ್ಟು ಕದಡಿದ ನೀರುನೀರು ಹಿಟ್ಟು. ಕೋಲಿಗೆ ಕಟ್ಟಿದ ಬಟ್ಟೆಯನ್ನು ಅದರಲ್ಲಿ ಅದ್ದಿ, ಮಡಿಕೆಯ ಬೆನ್ನ ಮೇಲೆ ಒಂದೇ ಸಲ ಎಳೆದರು. ಚುಂಯ್ ಅಂತು. ಹಿಟ್ಟು ಕಾಣಲೇ ಇಲ್ಲ, ಹೊಳಪು ಮಾತ್ರ ಕಂಡಿತು. ಎರಡು ಉಸಿರು ಬಿಡುವಷ್ಟರಲ್ಲಿ ಅಂಚು ಎದ್ದಿತು. ಉಗುರಲ್ಲಿ ಹಿಡಿದು ಎಬ್ಬಿಸಿ, ಬಿಸಿ ಇರುವಾಗಲೇ ಮಡಚಿ ಮಡಚಿ ತ್ರಿಕೋನ ಮಾಡಿಟ್ಟರು. ಒಂದು ಕ್ಷಣ ತಡವಾದರೆ ಮಡಚುವ ಮೊದಲೇ ಪುಡಿ.

"ಅತ್ತೆ, ಇದನ್ನ ಬೇಯಿಸೋದು ಅಂತ ಬರೀಲೋ, ಹುರಿಯೋದು ಅಂತ ಬರೀಲೋ, ಸುಡೋದು ಅಂತಲೋ?"

"ಎಂತದೂ ಅಲ್ಲ. ತೊಡೆಯದು."

ತೊಡೆಯುವುದು, ಅಂದರೆ ಸವರುವುದು! ಹೆಸರೇ ಅದರಿಂದ ಬಂದದ್ದು. ಆದರೆ ತೆರಿಗೆಯ ಪಟ್ಟಿಯಲ್ಲಿ ತೊಡೆಯುವ ತಿಂಡಿಗೆ ಜಾಗವೇ ಇಲ್ಲ. ಅರ್ಧ ಪುಟ ಬರೆದು, ಓದಿ ಹೇಳಿದೆ. ಅಕ್ಕಿ ಮತ್ತು ಕಬ್ಬಿನ ರಸದಿಂದ ತಯಾರಿಸಿದ ತೆಳುವಾದ ಹಾಳೆಯಂಥ ಪದಾರ್ಥ ಅಂತ. ಮಾವ ಹೊರಗಿಂದಲೇ ಕೂಗಿದರು. "ಹಾಳೆ ಅಂತ ಬರದ್ರೆ ಅಡಕೆ ಹಾಳೆ ತಟ್ಟೆ ಅಂದ್ಕಳ್ತ!" ಅದೂ ನಿಜವೇ. ಒಂದು ಶಬ್ದ ಆಚೀಚೆ ಆದರೆ ತಿಂಡಿಯ ಜಾತಿಯೇ ಬದಲಾಗುತ್ತದೆ. ವೇಫರ್ ಎಂಬ ಶಬ್ದ ಅಪ್ಪಿತಪ್ಪಿಯೂ ಬರಬಾರದು ಅಂತ ಮೂರು ಸಲ ತಿದ್ದಿದೆ. ಸಂಗತಿ ಮುಚ್ಚಿಡುವ ಹಾಗೂ ಇಲ್ಲ, ಮುಚ್ಚಿಟ್ಟು ಪಡೆದ ರೂಲಿಂಗ್ ರದ್ದಾಗುತ್ತದೆ.

ಮಧ್ಯಾಹ್ನ ಆಫೀಸಿನ ಹಿರಿಯರಿಗೆ ಓದಿ ಹೇಳಿದೆ. ಅವರು ಪೂರ್ತಿ ಕೇಳಿ, "ಪರೋಟಾ ನೆನಪಿದೆಯೇನೋ?" ಅಂದರು.

ಹೇಗೆ ಮರೆಯಲಿ. 2020ರಲ್ಲಿ ಬೆಂಗಳೂರಿನ ಒಂದು ಕಂಪನಿ ನಮ್ಮ ಇದೇ ಪ್ರಾಧಿಕಾರಕ್ಕೆ ಹೋಗಿ, ಪರೋಟಾನೂ ರೊಟ್ಟಿ ಚಪಾತಿಯ ಜೊತೆ ಸೇರುತ್ತದೆ, 5 ಸಾಕಲ್ವಾ ಅಂತ ಕೇಳಿತ್ತು. ಇದು ರೊಟ್ಟಿ ಅಲ್ಲ, 18 ಅಂತ ಉತ್ತರ ಬಂತು. ಲಾಕ್‌ಡೌನಿನಲ್ಲಿ ಮನೆಯಲ್ಲಿ ಕೂತಿದ್ದ ಜನ ಟ್ವಿಟರಿನಲ್ಲಿ ಪರೋಟಾ ತಂಟೆಗೆ ಬರಬೇಡಿ ಅಂತ ಗಲಾಟೆ ಎಬ್ಬಿಸಿದ್ದರು.

ಹಿರಿಯರ ಮಾತು ಇಷ್ಟೇ. ರೂಲಿಂಗ್ ಕಟ್ಟಿಹಾಕುವುದು ಕೇಳಿದವರನ್ನು, ಅವರ ವ್ಯಾಪ್ತಿಯ ತೆರಿಗೆ ಅಧಿಕಾರಿಯನ್ನು ಮಾತ್ರ. ಅತ್ತೆಗೆ 18 ಅಂತ ಬಂದರೆ ಅತ್ತೆಗೆ 18. ಪಕ್ಕದ ಊರಿನವರು ಸಿಹಿ ತಿಂಡಿ ಅಂತ 5 ಹಾಕಿ ಮಾರುತ್ತಿದ್ದರೆ ಈ ರೂಲಿಂಗ್ ಅವರನ್ನು ಮುಟ್ಟುವುದಿಲ್ಲ. ಒಪ್ಪಿಗೆ ಇಲ್ಲದಿದ್ದರೆ 30 ದಿನದಲ್ಲಿ ಮೇಲ್ಮನವಿ ಹಾಕಬಹುದು, ಅದಕ್ಕೆ ಫೀಸು ಇನ್ನೂ ಜಾಸ್ತಿ. ಕೇಳುವ ಕಿವಿ ಎರಡೂ ತೆರಿಗೆ ಇಲಾಖೆಯವೇ ಅನ್ನುವುದನ್ನೂ ಮರೀಬೇಡ ಅಂದರು. ಅವರ ಈ ಕೊನೆಯ ಮಾತು ಸ್ವಲ್ಪ ಖಾರ ಅಂತ ನನಗೆ ಈಗಲೂ ಅನ್ನಿಸುತ್ತದೆ. ಆದರೆ ಅದನ್ನು ಕೇಳಿದ ಮೇಲೆ ಅರ್ಜಿ ಕಳಿಸುವ ಉತ್ಸಾಹ ಉಳಿಯಲಿಲ್ಲ.

ಸಂಜೆ ಅತ್ತೆಗೆ ಲೆಕ್ಕ ಒಪ್ಪಿಸಿದೆ. ಗೋವಾಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದ್ದು ಹೋಗಬಹುದು. 5ಕ್ಕೂ 18ಕ್ಕೂ ವ್ಯತ್ಯಾಸ 19,500. ಕೇಳುವುದಕ್ಕೆ ಹತ್ತು ಸಾವಿರ. ಬೆಂಗಳೂರಿಗೆ ಹೋಗಿ ಬರುವ ಖರ್ಚು ಬೇರೆ.

ಅತ್ತೆ ಕೈ ಒರೆಸಿಕೊಂಡು ಕೂತರು. "ಹತ್ತು ಸಾವ್ರ ಕೊಟ್ಟು ಕೇಳವು, ಅವು ಬಿಸ್ಕತ್ತು ಅಂದ್ರೆ ಬಾಯಿ ಮುಚ್ಚಿಗಂಡು ಒಪ್ಪವು. ಹೌದನೋ?"

"ಹೌದು."

"ಬ್ಯಾಡ. ಗೋವಾಕ್ಕೆ ಹಪ್ಪಳ ಹೋಗ್ಲಿ."

ಅದು ಬುದ್ಧಿವಂತಿಕೆಯ ಮಾತಾಗಿತ್ತು. ಗಡಿಯಾಚೆ ಹೋಗುವುದು ಬರೀ ಹಪ್ಪಳವಾದರೆ, ತೆರಿಗೆ ಇಲ್ಲದ ಸಾಮಾನಿಗೆ ರಿಜಿಸ್ಟ್ರೇಷನ್ನೂ ಬೇಡ. ನಾನು ಒಂದು ದಿನ ಕೂತು ಕಾನೂನು ತಿರುವಿದ್ದಕ್ಕೆ ಸಿಕ್ಕಿದ್ದು ಎರಡು ಲೋಟ ಕಬ್ಬಿನ ಹಾಲು, ಒಂದು ಡಬ್ಬಿ ತೊಡದೇವು. ಡಬ್ಬಿಯಲ್ಲಿ ಅರ್ಧ ಬೈಕಿನ ಕುಲುಕಾಟಕ್ಕೆ ಪುಡಿಯಾಗಿತ್ತು.

ಮಡಗಾಂವಿನವರು ಮುನಿಸಿಕೊಂಡರು. ಆದರೂ ಮಾರ್ಚ್‌ನಲ್ಲಿ ಮಾರಿಕಾಂಬಾ ಜಾತ್ರೆಗೆ ಬಂದಾಗ ಅತ್ತೆಯ ಮನೆಗೇ ಬಂದು, ತಮ್ಮ ಮನೆಗೆ ಅಂತ ಐದು ಪ್ಯಾಕೆಟ್ ಕೊಂಡುಹೋದರು.

2025ರ ಸೆಪ್ಟೆಂಬರ್ 22ಕ್ಕೆ ದರಗಳು ಬದಲಾದವು. ಬಿಸ್ಕತ್ತು, ವೇಫರ್ ಎಲ್ಲ 18ರಿಂದ 5ಕ್ಕೆ ಇಳಿದವು. ಉಪ್ಪಿನಕಾಯಿಯೂ 5. ಅಷ್ಟು ಗಲಾಟೆಯ ಪರೋಟಾಕ್ಕೆ ಸೊನ್ನೆ. ತೊಡದೇವು ಸಿಹಿಯೋ ಬೇಕರಿಯೋ ಎಂಬ ಜಗಳಕ್ಕೆ ಅರ್ಥವೇ ಉಳಿಯಲಿಲ್ಲ. ಖುಷಿಯಿಂದ ಅತ್ತೆಗೆ ಫೋನ್ ಮಾಡಿದೆ.

"ಹಂಗಾದ್ರೆ ರಿಜಿಸ್ಟ್ರೇಷನ್ ಬ್ಯಾಡದಾ?"

"ಬೇಕು ಅತ್ತೆ, ಗೋವಾಕ್ಕಾದರೆ ಬೇಕೇ ಬೇಕು."

"ಹಂಗಾದ್ರೆ ಹಪ್ಪಳವೇ ಸಾಕು" ಅಂದು ಫೋನ್ ಇಟ್ಟರು.